ಸೌಟಿನ ಚಕ್ರ ನಿಂತ ಬಗೆ

ಪಾತ್ರೆ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಸೌಟುಗಳನ್ನು ಕಂಡರೆ ನಿಮಗೆ ಹುಳಿಯೋ ಸಾರೋ ನೆನಪಾಗಬಹುದು. ನನಗೆ ಪುಟ್ಟೇಗೌಡರ ಟರ್ಬೈನು ನೆನಪಾಗುತ್ತದೆ. ಸಕಲೇಶಪುರದ ಸಂತೆಯಲ್ಲಿ ಒಂದು ಡಜನ್ ಕಬ್ಬಿಣದ ಸೌಟು ಕೊಂಡು, ಹಿಡಿಗಳನ್ನು ಕತ್ತರಿಸಿ ಎಸೆದು, ಬಟ್ಟಲುಗಳನ್ನಷ್ಟೇ ಒಂದು ಹಳೆಯ ಚಕ್ರದ ಅಂಚಿಗೆ ಬೆಸುಗೆ ಹಾಕಿಸಿ, ಮನೆಯ ಪಕ್ಕದ ಹಳ್ಳದ ನೀರನ್ನು ಕರಿ ಪೈಪಿನಲ್ಲಿ ಇಳಿಸಿ ಅವುಗಳ ಮೇಲೆ ಚಿಮ್ಮಿಸಿ, ಗುಜರಿ ಜೀಪಿನ ಡೈನಮೋ ತಿರುಗಿಸಿ ಅವರು ಎರಡು ಬಲ್ಬು, ಒಂದು ರೇಡಿಯೋ ನಡೆಸುತ್ತಿದ್ದರು. ಅನ್ನಕ್ಕೆ ಸಾರು ಬಡಿಸಬೇಕಾದ ಸೌಟು ಆ ಮನೆಗೆ ಬೆಳಕು ಬಡಿಸುತ್ತಿತ್ತು. ಈ ಮಾತನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳಿ ಪ್ರತಿ ವರ್ಷವೂ ಚಪ್ಪಾಳೆ ಗಿಟ್ಟಿಸಿದ್ದೇನೆ.

ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಶಕ್ತಿ ವ್ಯವಸ್ಥೆಗಳ ಪಾಠ ಮಾಡುತ್ತೇನೆ. ಆ ಪಠ್ಯದ ಕೊನೆಯ ಅಧ್ಯಾಯಕ್ಕೆ ಶಕ್ತಿ ನ್ಯಾಯವೆಂದು ಹೆಸರು: ಕರೆಂಟು ಯಾರಿಗೆ ಸಿಗುತ್ತದೆ, ಅದಕ್ಕಾಗಿ ನೀರನ್ನೋ ನೆಲವನ್ನೋ ಯಾರು ಬಿಟ್ಟುಕೊಡುತ್ತಾರೆ, ಬಿಟ್ಟುಕೊಡುವ ಮೊದಲು ಅವರನ್ನು ಯಾರಾದರೂ ಕೇಳಿದರೇ ಎಂಬ ವಿಚಾರ. ಸೂತ್ರಗಳಿಲ್ಲದ ಅಧ್ಯಾಯವಾದ್ದರಿಂದ ಮಕ್ಕಳಿಗೆ ತೂಕಡಿಕೆ ಬರುತ್ತದೆ. ಆಗ ನಾನು ಕರಿಹಲಗೆಯ ಮೇಲೆ ಸೌಟಿನ ಚಕ್ರ ಬರೆಯುತ್ತಿದ್ದೆ. ಹೆಗ್ಗದ್ದೆ ಕಡೆಯ ಇಳಿಜಾರಿನಲ್ಲಿ ಎರಡೆಕರೆ ಕಾಫಿ ಇರುವ ಒಬ್ಬ ರೈತ, ಕಾಲೇಜಿನ ಮೆಟ್ಟಿಲು ಹತ್ತದವರು, ತಮ್ಮ ಬೆಳಕನ್ನು ತಾವೇ ಮಾಡಿಕೊಂಡ ಕಥೆ ಹೇಳುತ್ತಿದ್ದೆ. ಆ ಕಥೆಯ ಕೊನೆಯನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಪಾಠಕ್ಕೆ ಬರುವ ಮುಂಚೆ ನಾನು ಸರ್ವೆ ಮಾಡುವ ಖಾಸಗಿ ಸಂಸ್ಥೆಯೊಂದರಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಆ ಹಳ್ಳಕ್ಕೆ ಮೇಲುಗಡೆ ಒಡ್ಡು ಕಟ್ಟಿ, ನೀರನ್ನು ದೊಡ್ಡ ಕೊಳವೆಯಲ್ಲಿ ಕೆಳಗಿನ ಪವರ್‌ಹೌಸಿಗೆ ಒಯ್ಯುವ ಸಣ್ಣ ಜಲವಿದ್ಯುತ್ ಯೋಜನೆಯ ಸರ್ವೆ ನನ್ನ ಪಾಲಿಗೆ ಬಂತು. ಎರಡು ವಾರ ಹಳ್ಳದ ಗುಂಟ ನಡೆದೆ. ಒಡ್ಡಿನ ಜಾಗಕ್ಕೂ ಪವರ್‌ಹೌಸಿನ ಜಾಗಕ್ಕೂ ನಡುವೆ ಒಂದೇ ಒಂದು ಮನೆ, ಪುಟ್ಟೇಗೌಡರದು. ಅವರು ಕಾಫಿ ಕೊಟ್ಟು ಚಕ್ರ ತೋರಿಸಿದರು. ನಾನು ಬೆರಗಾಗಿ ಡೈರಿಯಲ್ಲಿ ಅದರ ಚಿತ್ರ ಬರೆದುಕೊಂಡೆ. ಯಾವ ಕೆಲಸಕ್ಕೆ ಬಂದೆನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ವರದಿಯ ನಮೂನೆಯಲ್ಲಿ 'ಹಳ್ಳದ ನೀರನ್ನು ಈಗ ಬಳಸುತ್ತಿರುವವರು' ಎಂಬ ಕಾಲಂ ಇತ್ತು. ಪೆನ್ಸಿಲಿನಲ್ಲಿ ಅವರ ಹೆಸರನ್ನೂ ಬರೆದೆ. ನಮ್ಮ ಹಿರಿಯ ಅಧಿಕಾರಿ ಹಾಳೆ ತಿರುವುತ್ತಾ ಕೇಳಿದರು, "ಈ ಮನುಷ್ಯನ ಹತ್ರ ಪರವಾನಗಿ ಏನಾದ್ರೂ ಇದೆಯೇನಮ್ಮ?"

"ಇಲ್ಲ ಸರ್."

"ಹಾಗಾದ್ರೆ ಇಲ್ಲ ಅಂತಲೇ ಬರಿ."

ನಾನು ವಾದಿಸಬಹುದಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಹಿರಿಯರು ಬೇಸರ ಮಾಡಿಕೊಂಡಾರೆಂಬ ಅಳುಕು ಬೇರೆ. ಪೆನ್ಸಿಲಿನ ಹೆಸರನ್ನು ರಬ್ಬರಿನಿಂದ ಉಜ್ಜಿ, ಅದೇ ಜಾಗದಲ್ಲಿ ಶಾಯಿಯಿಂದ 'ಇಲ್ಲ' ಎಂದು ಬರೆದು ಕೆಳಗೆ ಸಹಿ ಹಾಕಿದೆ. ಮೇಲೆ ನೀರು ತಿರುಗಿಸಿದರೆ ಕೆಳಗೆ ಹಳ್ಳ ಒಣಗುತ್ತದೆಂದು ತಿಳಿಯುವುದಕ್ಕೆ ಎಂಜಿನಿಯರೇ ಆಗಬೇಕಾಗಿಲ್ಲ; ನಾನಂತೂ ಎಂಜಿನಿಯರೂ ಆಗಿದ್ದೆ. ಮುಂದೆ ಆ ಕೆಲಸ ಬಿಟ್ಟೆ, ಮೇಷ್ಟ್ರಾದೆ, ಯೋಜನೆ ಮುಗಿಯಿತೆಂದು ಕೇಳಿದೆ. ಆ ಕಡೆ ಹೋಗಲಿಲ್ಲ.

ಈ ವರ್ಷದ ಮಕ್ಕಳು ಚಪ್ಪಾಳೆ ತಟ್ಟಿ ಸುಮ್ಮನಾಗಲಿಲ್ಲ, ಚಕ್ರವನ್ನೇ ನೋಡಬೇಕೆಂದು ಹಠ ಹಿಡಿದರು. ಮುಂದಾಳು ಯಶಸ್ವಿನಿ, ಆಲೂರು ತಾಲ್ಲೂಕಿನ ಮಗ್ಗೆಯ ಹುಡುಗಿ. ದಾರಿ ಸರಿಯಿಲ್ಲ ಎಂದೆ. ಆನೆಗಳ ಓಡಾಟವಿದೆ ಎಂದೆ.

"ನಮ್ಮೂರಿಗೂ ಆನೆ ಬರ್ತವೆ ಮೇಡಂ, ಅದಕ್ಕೆ ನಾನು ಕಾಲೇಜು ಬಿಟ್ಟಿದೀನಾ?" ಎಂದು ಅವಳು ನಕ್ಕಳು. ನೆಪಗಳು ಮುಗಿದವು.

ಜನವರಿಯ ಒಂದು ಬೆಳಿಗ್ಗೆ ಹೊರಟೆವು. ಮೊದಲು ಪವರ್‌ಹೌಸ್ ನೋಡಿದೆವು. ಹಸಿರು ಬಣ್ಣ ಬಳಿದ ಯಂತ್ರ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ಮಕ್ಕಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಅಲ್ಲಿಂದ ಮೇಲಕ್ಕೆ ಹಳ್ಳದ ಪಾತ್ರದಲ್ಲೇ ನಡೆದೆವು, ಏಕೆಂದರೆ ನಡೆಯಬಹುದಾಗಿತ್ತು. ಹಿಂದೆ ನಾನು ಪ್ಯಾಂಟು ಮಡಚಿಕೊಂಡು ದಾಟಿದ್ದ ಕಡೆ ಬರೀ ಬಂಡೆ, ಬಂಡೆಯ ಮೇಲೆ ಒಣಗಿ ಚಕ್ಕೆಯಾದ ಪಾಚಿ. ಮಕ್ಕಳು ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ಖುಷಿಯಾಗಿದ್ದರು. ನಾನೊಬ್ಬಳೇ ಕಾಲಿಟ್ಟ ಕಡೆಯೆಲ್ಲ ನಾನು ಬರೆದ ಆ 'ಇಲ್ಲ'ವನ್ನೇ ತುಳಿಯುತ್ತಿದ್ದೆ.

ಪುಟ್ಟೇಗೌಡರು ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ವಯಸ್ಸಾಗಿತ್ತು, ಆದರೂ ಕಂಡಕೂಡಲೇ ಗುರುತು ಹಿಡಿದರು. "ಅಯ್ಯೋ ಮೇಡಂ, ನೀವಾ! ಬನ್ನಿ ಕಣವ್ವ, ಬನ್ನಿ. ಅವತ್ತು ಚಿತ್ರ ಬರಕೊಂಡ್ ಹೋದೋರು ಇವರೇ ಕಣೇ, ಶಾರದಾ!" ಎಂದು ಒಳಗೆ ಕೂಗಿದರು. ಅವರ ಹೆಂಡತಿ ಶಾರದಮ್ಮ ಬಾಗಿಲಿಗೆ ಬಂದು ನಕ್ಕು, ಅಷ್ಟೂ ಜನಕ್ಕೆ ಕಾಫಿ ಕಾಯಿಸಲು ಹೋದರು.

"ನಿಮ್ಮ ಚಕ್ರ ನಮಗೆ ಪಾಠ ಗೌಡ್ರೆ. ಮೇಡಂ ಪ್ರತಿ ವರ್ಷ ಹೇಳ್ತಾರೆ," ಎಂದಳು ಯಶಸ್ವಿನಿ. ಮುದುಕರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನಾನು ನೋಡದೆ ಅಂಗಳದ ತುದಿಯ ಕಿತ್ತಳೆ ಗಿಡ ನೋಡುತ್ತಿದ್ದೆ. ಅವರು ನಮ್ಮನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದರು. ಗೋಡೆಗೆ ಒರಗಿಸಿದ್ದ ಚಕ್ರ ಕೆಂಪಗೆ ತುಕ್ಕು ಹಿಡಿದಿತ್ತು.

"ಯಾಕೆ ನಿಲ್ಲಿಸಿದ್ರಿ?" ಎಂದು ಯಶಸ್ವಿನಿ ಕೇಳಿದಳು.

"ನಾನೆಲ್ಲಿ ನಿಲ್ಲಿಸ್ದೆ ಮಗಾ, ನೀರು ನಿಂತೋಯ್ತು. ಮ್ಯಾಲೆ ಒಡ್ಡು ಕಟ್ಟಿದ್ರಲ್ಲ. ಕೇಳೋಕೆ ಹೋದ್ರೆ, ಇಲ್ಲಿ ಯಾರೂ ನೀರು ಬಳಸಲ್ಲ ಅಂತ ಸರ್ವೆಯೋರು ಬರೆದುಬುಟ್ಟವ್ರೆ ಅಂದ್ರು. ಆಮ್ಯಾಕೆ ಕಂಬದ ಕರೆಂಟು ಬರೋಗಂಟ ನಮ್ಮ ಮಗಳು ಬುಡ್ಡಿ ದೀಪದಾಗೇ ಓದಿದ್ಲು." ಇಷ್ಟು ಹೇಳಿ ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. "ನೀವು ಕಣ್ಣಾರೆ ನೋಡಿದ್ರಲ್ಲ ಮೇಡಂ. ಆ ಸರ್ವೆಯೋರು ನಿಮ್ಮನ್ನ ಒಂದ್ ಮಾತು ಕೇಳಿದ್ರೆ, ನೀವು ನಿಜ ಹೇಳ್ತಿದ್ರಿ."

ಅವರ ಪಾಲಿಗೆ ನಾನು ಚಿತ್ರ ಬರೆಯಲು ಬಂದ ಹುಡುಗಿ. ಸರ್ವೆಯವರು ಬೇರೆ ಯಾರೋ. ಆ ತಪ್ಪು ತಿಳಿವಳಿಕೆಯೊಳಗೆ ನಾನು ಅಡಗಿ ಕುಳಿತೆ. ಕಾಫಿ ಕುಡಿದೆ. ಚಕ್ರದ ಪಕ್ಕದಲ್ಲಿ ಅವರೊಂದಿಗೆ ನಿಂತು ಚಿತ್ರಕ್ಕೆ ಮುಖ ಕೊಟ್ಟೆ. ಹಿಂದಿರುಗುವಾಗ ಬಸ್ಸಿನಲ್ಲಿ ಯಶಸ್ವಿನಿ ಪಕ್ಕದ ಸೀಟಿಗೆ ಬಂದು, "ಆ ಸರ್ವೆ ಮಾಡಿದ್ದು ಯಾರು ಮೇಡಂ? ಹುಡುಕಬಹುದಾ?" ಎಂದಳು.

"ಗೊತ್ತಿಲ್ಲ," ಎಂದೆ. ನೋಡಿ, ಆ ಪದದ ಬಾಲದಲ್ಲೂ ಅದೇ 'ಇಲ್ಲ'.

ನಾಚಿಕೆಯೆಂಬ ಮಾತನ್ನು ನಾವು ಮದುಮಗಳ ಕೆನ್ನೆಯ ಕೆಂಪಿಗೂ ಬಳಸುತ್ತೇವೆ, ಸಿಕ್ಕಿಬಿದ್ದವನ ಬಾಗಿದ ಕತ್ತಿಗೂ ಬಳಸುತ್ತೇವೆ. ಸಿಕ್ಕಿಬೀಳದೆ ಉಳಿದವಳ ನಾಚಿಕೆಗೆ ಬೇರೆ ಹೆಸರಿದೆಯೋ ಏನೋ, ನನಗೆ ತಿಳಿಯದು. ಅದು ಮುಖಕ್ಕೆ ಬರುವುದಿಲ್ಲ. ನಮ್ಮ ಶಾಸ್ತ್ರದಲ್ಲಿ ನಷ್ಟಕ್ಕೂ ಲೆಕ್ಕವಿದೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿನಲ್ಲಿ ಎಷ್ಟು ಬಿಸಿಯಾಗಿ ಸೋರಿಹೋಗುತ್ತದೆಂದು ಮಕ್ಕಳಿಂದ ಬರೆಸುತ್ತೇನೆ. ಒಂದು ಮನೆಯ ಎರಡು ಬಲ್ಬು ಆರಿದ್ದು ಆ ಯಾವ ಲೆಕ್ಕದಲ್ಲೂ ಕಾಣದು. ಅದಕ್ಕಿಂತ ನನ್ನನ್ನು ಕುಗ್ಗಿಸಿದ್ದು ಇನ್ನೊಂದು: ದೀಪ ಆರಿಸಿದ್ದು ಸಾಲದೆಂದು, ಅದೇ ದೀಪವನ್ನು ಇಷ್ಟು ವರ್ಷ ನನ್ನ ಪಾಠದ ಒಡವೆ ಮಾಡಿಕೊಂಡು, ನ್ಯಾಯದ ಅಧ್ಯಾಯದಲ್ಲೇ ಅದನ್ನು ತೊಟ್ಟು ಮೆರೆದಿದ್ದೆ.

ಸೋಮವಾರ ಹಳೆಯ ಕಡತದಿಂದ ವರದಿಯ ನಕಲನ್ನು ಹುಡುಕಿ ತರಗತಿಗೆ ಒಯ್ದೆ. ಆ ಕಾಲಂ ಓದಿದೆ, ಕೆಳಗಿನ ಸಹಿ ಯಾರದೆಂದು ಹೇಳಿದೆ. ಕಾರಣಗಳನ್ನು ಹೇಳಹೊರಟವಳು ಎರಡನೆಯದಕ್ಕೇ ನಿಲ್ಲಿಸಿದೆ. ಗಟ್ಟಿಯಾಗಿ ಹೇಳಿದರೆ ಅವು ಕಾರಣಗಳಂತೆ ಕೇಳಿಸುತ್ತಿರಲಿಲ್ಲ. ಯಶಸ್ವಿನಿ ಎದ್ದಳು. ಯಾಕೆ ಹಾಗೆ ಬರೆದಿರೆಂದು ಕೇಳುತ್ತಾಳೆಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಮೊನ್ನೆ ಅವರ ಮುಂದೇನೇ ಯಾಕೆ ಹೇಳ್ಲಿಲ್ಲ ಮೇಡಂ? ಅವರಿಗೆ ಹೇಳದೆ ನಮಗೆ ಹೇಳಿದ್ರೆ ಏನಾಯ್ತು?"

ಮುಂದಿನ ಭಾನುವಾರ ಒಬ್ಬಳೇ ಬಸ್ಸು ಹತ್ತಿದೆ. ಕೈಯಲ್ಲಿ ಜಿಲ್ಲಾಡಳಿತಕ್ಕೆ ಬರೆದ ಪತ್ರವಿತ್ತು: ವರದಿಯ ಆ ಕಾಲಂ ಸುಳ್ಳು, ಅದನ್ನು ಬರೆದವಳು ನಾನೇ, ಪುಟ್ಟೇಗೌಡರ ಮನೆಗೆ ಒಂದು ಪೈಪಿನಷ್ಟಾದರೂ ನೀರನ್ನು ಹಳ್ಳಕ್ಕೆ ಬಿಡಿಸಬೇಕು ಎಂದು. ಅದು ಈಗ ಕಚೇರಿಯಲ್ಲಿದೆ. ಒಬ್ಬರು ಬಂದು ಅಳತೆ ಮಾಡಿ ಹೋಗಿದ್ದಾರಂತೆ. ಇದನ್ನು ಬರೆಯುವ ಹೊತ್ತಿಗೂ ಹಳ್ಳ ಒಣಗಿಯೇ ಇದೆ.

ಅವತ್ತು ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಶಾರದಮ್ಮ ಕಾಫಿ ಲೋಟ ಹಿಡಿದು ಹೊರಬಂದವರು ಅರ್ಧ ಕೇಳಿ, ಲೋಟವನ್ನು ನನಗೆ ಕೊಡದೆ ಒಳಗೆ ಒಯ್ದರು. ಪುಟ್ಟೇಗೌಡರು ಕಣದ ಕಡೆ ತಿರುಗಿದರು.

"ನೀವು ನನ್ನ ಹೆಸ್ರು ಬರೆದಿದ್ರೂ ಅವರು ಒಡ್ಡು ಕಟ್ಟೇ ಕಟ್ತಿದ್ರೇನೋ," ಎಂದರು. ನನ್ನ ಎದೆ ತುಸು ಹಗುರಾಗುವಷ್ಟರಲ್ಲಿ ಮುಂದುವರಿಸಿದರು: "ಆದ್ರೆ ಹೆಸ್ರು ಇದ್ದಿದ್ರೆ ನಂಗೊಂದು ಪೈಪ್ ನೀರು ಬುಡಿ ಅಂತ ಕೇಳೋಕಾದ್ರೂ ಆಗ್ತಿತ್ತು. ಕೇಳೋಕೂ ಇಲ್ದಂಗೆ ಮಾಡ್ಬುಟ್ರಿ ಮೇಡಂ."

ಇಷ್ಟು ವರ್ಷ ಒಂದು ಅಧ್ಯಾಯದುದ್ದಕ್ಕೂ ನಾನು ಹೇಳಲು ತಿಣುಕಿದ್ದನ್ನು ಅವರು ಕೂತಲ್ಲೇ ಹೇಳಿ ಮುಗಿಸಿದ್ದರು. ನಾನು ಪತ್ರ ಓದಿದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

"ಒಂದ್ ತಪ್ಪೈತೆ ಇದ್ರಾಗೆ. ನನ್ನ ಹೆಸ್ರು ಮಾತ್ರ ಹಾಕಿದೀರಿ. ದಿನಾ ಬೆಳಗೆದ್ದು ಹಳ್ಳಕ್ಕೆ ಇಳಿದು ಪೈಪಿನ ಬಾಯ್ಗೆ ಸಿಕ್ಕಿರೋ ಎಲೆ, ಕಸ ಎಲ್ಲ ತೆಗೀತಿದ್ದೋಳು ಶಾರದಾ. ಒಂದಿನ ತೆಗೀದಿದ್ರೂ ಚಕ್ರ ನಿಂತೋಗೋದು. ಸೌಟು ಬಗ್ಗೋದ್ರೆ ಬಡಿದು ಸರಿ ಮಾಡ್ತಿದ್ದೋಳೂ ಅವಳೇಯ. ನಾನು ಕಟ್ಟಿದ್ದು ಒಂದ್ಸಲ, ನಡೆಸಿದ್ದು ಅವಳು."

ನನ್ನ ಡೈರಿಯ ಚಿತ್ರದಲ್ಲಿ ಶಾರದಮ್ಮ ಇರಲಿಲ್ಲ. ಪಾಠದಲ್ಲೂ ಇರಲಿಲ್ಲ. ತಪ್ಪೊಪ್ಪಿಕೊಳ್ಳಲೆಂದು ಬರೆದ ಪತ್ರದಲ್ಲೂ, ಹೆಂಗಸಾದ ನಾನೇ, ಮತ್ತೊಮ್ಮೆ ಒಬ್ಬರನ್ನು ಬಿಟ್ಟುಬಿಟ್ಟಿದ್ದೆ. ಪೆನ್ನು ತೆಗೆದು ಅವರ ಗಂಡನ ಹೆಸರಿನ ಮೇಲಿದ್ದ ಕಿರಿದಾದ ಜಾಗದಲ್ಲಿ 'ಶಾರದಮ್ಮ' ಎಂದು ಬರೆದೆ. ಜಾಗ ಸಾಲದೆ ಅಕ್ಷರ ಸೊಟ್ಟಗಾಯಿತು.

ಶಾರದಮ್ಮ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ತಿಳಿಯದು. ಅಂದು ನನ್ನೊಡನೆ ಅವರು ಆಡಿದ್ದು ಒಂದೇ ಮಾತು.

"ಇನಿಷಿಯಲ್ಲೂ ಸರಿಯಾಗಿ ಹಾಕಿ. ನಾಳೆ ಅಂಥೋರು ಯಾರೂ ಇಲ್ಲ ಅಂದ್ಬುಟ್ಟಾರು."