ಚುರುಮುರಿ ಭಟ್ಟಿಯ ಬಿಸಿ ಉಸುಕು

ಪುಣೆಯ ಭವಾನಿ ಪೇಠದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಚುರುಮುರಿ ಭಟ್ಟಿಯ ಮುಂದೆ ರಂಗೂಬಾಯಿ ಆಗಲೇ ಬೆವರಿ ನೀರಾಗಿದ್ದಾಳೆ. ಕಾದ ಉಸುಕಿನಲ್ಲಿ ಅಕ್ಕಿ ಚಟಪಟ ಅರಳುತ್ತದೆ. ಜರಡಿ ಹಿಡಿದರೆ ಚುರುಮುರಿ ಮೇಲೆ, ಉಸುಕು ಕೆಳಗೆ. ಬೇರೆ ಭಟ್ಟಿಯವರ ಕೆಲಸ ಅಲ್ಲಿಗೆ ಮುಗಿಯಿತು. ಈಕೆಯದು ಅರ್ಧ ಉಳಿದಿದೆ.

ಹಿತ್ತಲಲ್ಲಿ ಆಳುದ್ದದ ಕಲ್ಲಿನ ತೊಟ್ಟಿ. ಬಿಸಿ ಉಸುಕನ್ನು ಅದಕ್ಕೆ ಸುರಿದು, ಹದಕ್ಕೆ ಆರಿದೆಯೇ ಎಂದು ಮೊದಲು ತನ್ನ ಮೊಳಕೈ ಹುಗಿದು ನೋಡುತ್ತಾಳೆ. ಆಮೇಲೆ ಸಂಧಿವಾತದ ಹೆಂಗಸರು ಹಳೆ ಸೀರೆ ಸುತ್ತಿಕೊಂಡು ಮಲಗಬೇಕು. ಕುತ್ತಿಗೆಯವರೆಗೆ ಉಸುಕು, ಹಣೆಯ ಮೇಲೆ ತಣ್ಣನೆ ಬಟ್ಟೆ. ಈ ಉಪಾಯ ಹೊಳೆದದ್ದು ಅವಳ ಅವ್ವನಿಗೆ. ಬೆಳಗಾವಿ ಸೀಮೆಯಿಂದ ಬಂದು ಇದೇ ಭಟ್ಟಿಯ ಮುಂದೆ ಸೊಂಟ ಸವೆಸಿದ ಆಕೆ, ಚೆಲ್ಲಿದ ಉಸುಕಿನ ಮೇಲೆ ಒರಗಿದಾಗ ನೋವು ತುಸು ಇಳಿಯಿತಂತೆ.

"ಬ್ಯಾನಿ ಪೂರಾ ಹೋಗ್ತದಂತ ನಾ ಹೇಳಂಗಿಲ್ರಿ. ಮೈ ಒಂದೀಟ ಹಗೂರ ಆಗ್ತದ, ಅಷ್ಟ," ಎನ್ನುತ್ತಾಳೆ ರಂಗೂಬಾಯಿ.

ಇಲ್ಲಿ ಒಂದೇ ಕಟ್ಟಳೆ: ಉಸುಕಿನಲ್ಲಿರುವ ತನಕ ಬಾಯಿ ಮುಚ್ಚಬಾರದು. ಹಿಂದೊಮ್ಮೆ ಸಂಕೋಚದ ಹೆಂಗಸೊಬ್ಬಳು ಕಾವು ತಾಳದಿದ್ದರೂ ಹೇಳದೆ ಎಚ್ಚರ ತಪ್ಪಿದ್ದಳು. ಬದುಕಿದಳು, ಪುಣ್ಯ. ರಂಗೂಬಾಯಿಗೆ ಆ ಹೆದರಿಕೆ ಇನ್ನೂ ಬಿಟ್ಟಿಲ್ಲ. "ಹಾಡ್ರಿ, ಬೈರಿ, ಸೊಸಿ ಮ್ಯಾಲೆ ಚಾಡಿ ಹೇಳ್ರಿ. ಒಟ್ಟ ನನಗ ದನಿ ಕೇಳಬೇಕು." ಹೀಗಾಗಿ ಪೇಠದ ಸೊಸೆಯರ ಜಾತಕವೆಲ್ಲ ಆಕೆಗೆ ಬಾಯಿಪಾಠ. ಒಂದನ್ನೂ ಆಚೆ ಬಿಟ್ಟವಳಲ್ಲ.

ಇಂದು ಖಾನಾವಳಿಯ ಉಮಾವತಿಬಾಯಿಯ ಸರದಿ. ರೊಟ್ಟಿ ಬಡಿದು ಬಡಿದು ಭುಜ, ಬೆನ್ನು, ಮೊಣಕಾಲು ಎಲ್ಲ ಹಿಡಿದಿವೆ. ಮಗ್ಗುಲು ಬದಲಿಸಿದರೆ ಚೀರುವಂಥ ನೋವು. "ನಿದ್ದಿ ಅಂಬೋದ ಮರತೇಬಿಟ್ಟೇನಿ, ರಂಗೂ," ಎನ್ನುತ್ತ ಮಲಗಿದ ಆಕೆ, ರೇಶನ್ ಅಕ್ಕಿಯ ಅನ್ನಕ್ಕೆ ಗಿರಾಕಿಗಳು ಮೂಗು ಮುರಿಯುವ ಕಥೆ ತೆಗೆಯುತ್ತಾಳೆ. ರಂಗೂಬಾಯಿ ಒಳಗೆ ಬಾಣಲೆಗೆ ಅಕ್ಕಿ ಹಾಕುತ್ತ ಹೂಂಗುಡುತ್ತಾಳೆ.

ಮಾತು ನಿಲ್ಲುತ್ತದೆ.

"ಅಕ್ಕಾರ? ಅಕ್ಕಾರ!"

ಜರಡಿ ಎಸೆದು ಓಡಿದ ರಂಗೂಬಾಯಿ ಎರಡೂ ಕೈಗಳಿಂದ ಉಸುಕು ಬಗೆಯುತ್ತಾಳೆ. ಎದೆಯ ಬಳಿ ಕಿವಿಯಿಟ್ಟರೆ, ಸಣ್ಣಗೆ ಗೊರಕೆ!

ಉಮಾವತಿಬಾಯಿ ಕಣ್ಣು ಬಿಟ್ಟು ಸಿಡುಕುತ್ತಾಳೆ: "ಯಾಕ ಎಬ್ಬಿಸಿದಿ ನಮ್ಮವ್ವಾ? ಈಗರೆ ಕಣ್ಣ ಹತ್ತಿದ್ವು!"

ರಂಗೂಬಾಯಿ ಅಲ್ಲೇ ಕುಸಿದು ಕೂರುತ್ತಾಳೆ. ನಗುವೂ ಬರುತ್ತದೆ, ಅಳುವೂ ಬರುತ್ತದೆ. ಹೋದ ಜೀವ ಬಂದಂತಾಗಿದೆ. ಬಗೆದ ಉಸುಕನ್ನು ಮೆಲ್ಲಗೆ ಮತ್ತೆ ಹೊದಿಸಿ, ತಲೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕುತ್ತಾಳೆ.

"ಒಳಗ ಏನೋ ಹೊತ್ತಿದ ವಾಸನಿ ಬರಲಿಕ್ಕತ್ತದ," ನಿದ್ದೆಗಣ್ಣಿನಲ್ಲೇ ಉಮಾವತಿಬಾಯಿ ಗೊಣಗುತ್ತಾಳೆ.

"ಹೊತ್ತಲಿ ಬಿಡ್ರಿ. ನೀವ ಮಲ್ಕೋರಿ," ಎಂದು ರಂಗೂಬಾಯಿ ಹಣೆಯ ಬಟ್ಟೆ ಬದಲಿಸುತ್ತಾಳೆ. "ನನಗ ದನಿ ಕೇಳಿದ್ರ ಸಾಕು. ಗೊರಕಿ ಆದ್ರೂ ನಡೀತದ."