ಅಪ್ಪ ಒರೆಸಿದ ಕಲ್ಲು

ಅಪ್ಪ, ಅವತ್ತು ನೀನು ಒದ್ದೆ ಟವೆಲ್ಲಿನಿಂದ ಒರೆಸಿದ ಸಮಾಧಿಯ ಕಲ್ಲು ನಿನ್ನ ಅವ್ವನದೇ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.

ನಿನಗೆ ಓದಲು ಬರುತ್ತಿರಲಿಲ್ಲ. ಅವ್ವ ಸತ್ತಾಗ ನೀನು ನಾಲ್ಕು ವರ್ಷದವನು. ಭದ್ರಾವತಿಯ ಸುತ್ತಲಿನ ಯಾವುದೋ ಹಳ್ಳಿ ಚರ್ಚಿನ ಹಿಂದೆ ಮಣ್ಣು ಮಾಡಿದರು ಎಂಬುದಷ್ಟೇ ಗೊತ್ತಿತ್ತು. ನನ್ನ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ, ಭಾನುವಾರದ ಪೂಜೆ ಮುಗಿಸಿ, ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಊರೂರು ಹುಡುಕಲು ಹೊರಟೆ — ನೀನು ಕಲ್ಲು ಒರೆಸಬೇಕು, ನಾನು ಹೆಸರು ಓದಬೇಕು.

ವಾರವಿಡೀ ನಿನಗೆ ಕಾರ್ಖಾನೆಯ ಪಾಳಿ, ಮನೆಗೆ ಬಂದರೆ ನಿದ್ದೆ. ನೀನು ನನ್ನೊಬ್ಬಳಿಗೇ ಸಿಗುತ್ತಿದ್ದುದು ಆಗ ಮಾತ್ರ. ಅವ್ವನ ಮುಖ ನೆನಪಿಲ್ಲ, ಕೈಯ ಬೆಳ್ಳುಳ್ಳಿ ವಾಸನೆ ಮಾತ್ರ ನೆನಪಿದೆ ಎಂದು ನೀನು ಹೇಳಿದ್ದು ಆ ಸೈಕಲ್ ಮೇಲೆಯೇ. ವಾಪಸು ಬರುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅಯ್ಯೋ, ಎಂಥ ಭಾನುವಾರಗಳು ಅವು.

ಐದನೆಯ ಊರಿನಲ್ಲಿ ನೀನು ಪಾಚಿ ಉಜ್ಜಿದೆ. ಅಕ್ಷರ ಕಾಣಿಸಿತು — ರೋಸಮ್ಮ, ಅಂತೋಣಪ್ಪನ ಹೆಂಡತಿ. ನಿನ್ನ ಅವ್ವ, ನಿನ್ನ ಅಪ್ಪ.

"ಯಾರ್ದಮ್ಮ ಇದು?" ಕೇಳಿದೆ ನೀನು.

ಸಿಕ್ಕಿತು ಎಂದರೆ ಮುಗಿಯಿತಲ್ಲ — ಮುಂದಿನ ಭಾನುವಾರ ಸೈಕಲ್ ಇಲ್ಲ, ಮಾತಿಲ್ಲ, ನೀನು ಮತ್ತೆ—

"ಬೇರೆ ಯಾರ್ದೋ ಅಪ್ಪ. ಮುಂದಿನ್ದು ನೋಡೋಣ."

ಎರಡು ವಾರ ಬಿಟ್ಟು ಹೇಳಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಮಳೆ ಹಿಡಿಯಿತು, ನಾನು ಪಿಯುಸಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಿದೆ. ನಿಜ ಹೇಳಬೇಕೆಂದರೆ ಮೊದಲು ಸುಳ್ಳನ್ನು ಒಪ್ಪಿಕೊಳ್ಳಬೇಕಲ್ಲ — ಧೈರ್ಯ ಸಾಲಲಿಲ್ಲ.

ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ದಿನ ಎಲ್ಲರೂ ತಮ್ಮವರ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು ಮೇಣದಬತ್ತಿ ಹಚ್ಚುತ್ತಿದ್ದರು. ಸಮಾಧಿ ಎಲ್ಲಿದೆಯೋ ತಿಳಿಯದವರು ಹಚ್ಚುವುದು ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ. ನೀನು ಪ್ರತಿವರ್ಷ ಅಲ್ಲಿ ಹಚ್ಚಿದೆ. ನಾನು ಪಕ್ಕದಲ್ಲೇ, ಗಾಳಿಗೆ ಕೈ ಅಡ್ಡ ಹಿಡಿದು ನಿಂತಿರುತ್ತಿದ್ದೆ. ನಾಚಿಕೆಗೆಟ್ಟವಳು.

ಕೊನೆಗೆ ಹಾಸಿಗೆ ಹಿಡಿದಾಗ ನೀನೇ ನನಗೆ ಸಮಾಧಾನ ಹೇಳಿದೆ: "ಪಾಪ, ಆ ಬಿಸ್ಲಲ್ಲಿ ಎಷ್ಟು ಕಲ್ಲು ಓದ್ದೆ ಮಗಳೇ. ಸಿಗ್ಲಿಲ್ಲ, ಏನ್ ಮಾಡಕ್ಕಾಗುತ್ತೆ." ಆಗಲೂ ನನಗೆ ಬಾಯಿ ಬರಲಿಲ್ಲ.

ನೀನು ಹೋಗಿ ಮೂರು ವರ್ಷವಾಯಿತು. ತಮ್ಮಂದಿರಿಬ್ಬರನ್ನೂ ಶಿವಮೊಗ್ಗದ ಗೋಪಾಳದ ನನ್ನ ಮನೆಗೆ ಕರೆಸಿದ್ದೇನೆ. ನಾಳೆ ಅವರನ್ನು ಆ ಐದನೆಯ ಊರಿಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲೂ ಹುಡುಕದೆ ನೇರ ಅಜ್ಜಿಯ ಕಲ್ಲಿನ ಮುಂದೆ ಹೋಗಿ ನಿಂತರೆ ಅವರು ಕೇಳಿಯೇ ಕೇಳುತ್ತಾರೆ — ಅಪ್ಪ ಇರುವಾಗಲೇ ಗೊತ್ತಿತ್ತಾ ಅಕ್ಕ ಎಂದು. ಹೌದು ಎನ್ನುತ್ತೇನೆ.