ಮೂರು ಸಲ ಒರೆಸಿದ ಬೆಂಚು

ಚರ್ಚಿನಲ್ಲಿ ಮೊದಲ ಪರಮಪ್ರಸಾದಕ್ಕೆ, ಅಂದರೆ ಯೇಸುವಿನ ದೇಹವೆಂದೇ ನಂಬಿ ಸ್ವೀಕರಿಸುವ ಪುಟ್ಟ ರೊಟ್ಟಿಗೆ, ಮಕ್ಕಳನ್ನು ಸಿದ್ಧಪಡಿಸುವ ಟೀಚರಿಗೆ ದೇವರಿಗಿಂತ ಶುಚಿಯ ಮೇಲೇ ಭಕ್ತಿ ಹೆಚ್ಚು. ಮಕ್ಕಳು ಕೂತೆದ್ದ ಬೆಂಚನ್ನು ಕರವಸ್ತ್ರದಿಂದ ಮೂರು ಸಲ ಒರೆಸದೆ ಕೂರುವವರಲ್ಲ. ಯಾರಾದರೂ ಸೀನಿದರೆ ಹರಳೆಣ್ಣೆ ಕುಡಿದವರ ಮುಖ. "ಆ ರೊಟ್ಟೀಲಿ ದೇವರು ಹೇಗಿರ್ತಾರೆ ಟೀಚರ್?" ಎಂದು ಒಬ್ಬ ಹುಡುಗಿ ಕೇಳಿದರೆ, "ಅದೆಲ್ಲ ಆಮೇಲೆ. ನಾಲಿಗೆ ತೋರಿಸು. ಥೂ, ಹಲ್ಲುಜ್ಜಿದೀಯೇನೇ?" ಆರು ತಿಂಗಳಲ್ಲಿ ಅವರು ಕಲಿಸಿದ ದೇವಜ್ಞಾನ ಇಷ್ಟೇ: ಅಗಿಯಬಾರದು, ಬೀಳಿಸಬಾರದು. ಪ್ರಸಾದ ಕೊಡುವ ಭಾನುವಾರ ಚರ್ಚಿನ ಪೀಠದೆದುರು ಅದೇ ಹುಡುಗಿ ಹೆದರಿ ಕೆಮ್ಮಿದಳು. ಪಾದ್ರಿಗಳು ನಾಲಿಗೆಯ ಮೇಲಿಟ್ಟ ಪ್ರಸಾದ ಒದ್ದೆಯಾಗಿ ನೆಲಕ್ಕೆ ಬಿತ್ತು. ಮಹಾಪಾಪವಾಯಿತೆಂದು ಮಗು ಬಿಕ್ಕತೊಡಗಿತು. ಟೀಚರು ಮೊಣಕಾಲೂರಿ, ಅದನ್ನು ಬರಿಗೈಯಲ್ಲೆತ್ತಿ ತಮ್ಮ ಬಾಯಿಗಿಟ್ಟುಕೊಂಡರು. "ಹೀಗಿರ್ತಾರೆ ಮಗಳೇ. ಬಿದ್ರೂ ದೇವರೇ, ಎಂಜಲಾದ್ರೂ ದೇವರೇ," ಎಂದು ಕರವಸ್ತ್ರದಿಂದ ಅವಳ ಮೂಗೊರೆಸಿ, ಮತ್ತೆ ಪಾದ್ರಿಗಳ ಕಡೆ ತಿರುಗಿಸಿದರು. "ಈಗ ನಾಲಿಗೆ ತೋರಿಸು."